ಮೂರು ಕಿಲೋಮೀಟರ್ ಆಚೆಯ ತೋಟದಿಂದ ಸಿಗ್ನಲ್ ಎಷ್ಟು ಬರುತ್ತೆ?

ಪ್ರಶ್ನೆ: ನಮ್ಮದು ಸಾಗರ ತಾಲೂಕಿನಲ್ಲಿ ಅಡಿಕೆ ತೋಟ. ಮನೆ ಹಿಂದಿನ ತೋಟ ಬಿಟ್ಟರೆ ಇನ್ನೊಂದು ತುಂಡು ಸುಮಾರು 3 ಕಿ.ಮೀ. ದೂರದ ಕಣಿವೆಯಲ್ಲಿದೆ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮಣ್ಣಿನ ತೇವ, ಪಂಪ್ ಓಡುತ್ತಿದೆಯೋ ಇಲ್ಲವೋ, ಇಷ್ಟು ಮನೆಯಲ್ಲೇ ಗೊತ್ತಾಗಲಿ ಅಂತ ಲೋರಾ (ಕಡಿಮೆ ಬ್ಯಾಟರಿಯಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೋ) ಸೆನ್ಸರ್ ಹಾಕಬೇಕೆಂದಿದ್ದೇನೆ. ಮಾರುವವರು '10 ಕಿ.ಮೀ. ಆರಾಮಾಗಿ ಬರುತ್ತೆ' ಅನ್ನುತ್ತಾರೆ. ಆದರೆ ನಡುವೆ ಒಂದು ಗುಡ್ಡ ಇದೆ. ದುಡ್ಡು ಹಾಕುವ ಮೊದಲೇ ಸಿಗ್ನಲ್ ಎಷ್ಟು ಬರಬಹುದು ಅಂತ ಲೆಕ್ಕ ಹಾಕಲು ಆಗುತ್ತಾ? ಮಳೆಗಾಲದಲ್ಲಿ ಕೈಕೊಡುತ್ತಾ?

ಉತ್ತರ: ಲೆಕ್ಕ ಖಂಡಿತ ಹಾಕಬಹುದು. ಒಂದು ಹಾಳೆ, ಪೆನ್ನು, ಲಾಗ್ ಇರುವ ಕ್ಯಾಲ್ಕುಲೇಟರ್ ಸಾಕು. ಉತ್ತರ ಕರಾರುವಾಕ್ಕಾಗಿ ಬರುವುದಿಲ್ಲ, 10 ಡಿಬಿ (ಡೆಸಿಬೆಲ್, ವಿವರ ಮುಂದೆ ಇದೆ) ಆಚೀಚೆ ಆಗಬಹುದು. ಆದರೂ ಈ ಲೆಕ್ಕ ಬಹಳ ಉಪಯೋಗದ್ದು. ಸಿಗ್ನಲ್ ಎಲ್ಲಿ ಸೋರಿಹೋಗುತ್ತಿದೆ ಅನ್ನುವುದನ್ನು ಅದು ತೋರಿಸಿಕೊಡುತ್ತದೆ. ನಿಮ್ಮ ವಿಷಯದಲ್ಲಿ ಅದು ತೋರಿಸುವುದು ಏನೆಂದರೆ, 3 ಕಿ.ಮೀ. ದೂರ ನಿಮ್ಮ ತೊಂದರೆಯೇ ಅಲ್ಲ. ತೊಂದರೆ ಇರುವುದು ಕೊನೆಯ ನೂರು ಮೀಟರ್‌ನಲ್ಲಿ, ಮತ್ತು ಆ ಗುಡ್ಡದಲ್ಲಿ.

ಮೊದಲು ಅಳತೆಯ ಮಾತು. ಸಿಗ್ನಲ್‌ನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ಹೇಳುತ್ತಾರೆ. 1 ಮಿಲಿವ್ಯಾಟ್ ಅಂದರೆ 0 ಡಿಬಿಎಂ. 10 ಡಿಬಿ ಕೂಡಿದರೆ ಬಲ ಹತ್ತು ಪಟ್ಟು, 3 ಡಿಬಿ ಕೂಡಿದರೆ ಎರಡು ಪಟ್ಟು. ಕಳೆದರೆ ಅಷ್ಟೇ ಪಟ್ಟು ಕಡಿಮೆ. ಲೋರಾ ಬೋರ್ಡು ಸಾಮಾನ್ಯವಾಗಿ 14 ಡಿಬಿಎಂ ಕಳಿಸುತ್ತದೆ, ಅಂದರೆ 25 ಮಿಲಿವ್ಯಾಟ್. ಇನ್ನೊಂದು ತುದಿಗೆ −100 ಡಿಬಿಎಂ ತಲುಪಿದರೂ ಅದಕ್ಕೆ ಖುಷಿ. ಅಷ್ಟೆಂದರೆ 1 ಮಿಲಿವ್ಯಾಟ್‌ನ ಸಾವಿರ ಕೋಟಿಯಲ್ಲಿ ಒಂದು ಭಾಗ! ಇಷ್ಟು ದೊಡ್ಡ ವ್ಯತ್ಯಾಸವನ್ನು ಗುಣಾಕಾರ, ಭಾಗಾಕಾರದಲ್ಲಿ ಹಿಡಿಯುವುದು ಕಷ್ಟ. ಡಿಬಿಯಲ್ಲಿ ಎಲ್ಲವೂ ಕೂಡು-ಕಳೆ ಆಗಿಬಿಡುತ್ತದೆ. ಹಾಗಾಗಿ ಇದು ಅಂಗಡಿಯ ಜಮಾ-ಖರ್ಚಿನ ಪುಸ್ತಕದ ಹಾಗೆ. ಕಳಿಸಿದ ಬಲ ಮತ್ತು ಆಂಟೆನಾಗಳ ಗೇನ್ (ಅಲೆಯನ್ನು ಬೇಕಾದ ದಿಕ್ಕಿಗೆ ಒಟ್ಟುಮಾಡುವುದರಿಂದ ಸಿಗುವ ಲಾಭ) ಜಮಾ. ಕೇಬಲ್, ದೂರ, ಗುಡ್ಡ, ಮರ ಎಲ್ಲ ಖರ್ಚು. ಉಳಿದದ್ದು ನಿಮ್ಮ ಸಿಗ್ನಲ್.

ಜಮಾ ಕಡೆ ಬರೆಯೋಣ. ಬೋರ್ಡು 14 ಡಿಬಿಎಂ. ತೋಟದ ಸೆನ್ಸರ್‌ಗೆ ಸಿಗುವ ಚೋಟುದ್ದದ ಆಂಟೆನಾಗೆ ಗೇನ್ 0 ಅಂತಲೇ ಹಿಡಿಯಿರಿ. ಪ್ಯಾಕೆಟ್ ಮೇಲೆ 3 ಅಂತ ಬರೆದಿರುತ್ತಾರೆ, ನಂಬಬೇಡಿ. ಡಬ್ಬಿಯೊಳಗೆ ಬ್ಯಾಟರಿ ಪಕ್ಕ ಕೂತ ಆಂಟೆನಾ ಅಷ್ಟು ಕೊಡುವುದಿಲ್ಲ. ಮನೆಯ ತಾರಸಿ ಮೇಲೆ ಒಳ್ಳೆಯ ಫೈಬರ್‌ಗ್ಲಾಸ್ ಆಂಟೆನಾ ಹಾಕಿದರೆ 5 ಡಿಬಿಐ (ಆಂಟೆನಾ ಗೇನ್‌ನ ಅಳತೆ, ಡಿಬಿಯಂತೆಯೇ ಕೂಡಬಹುದು). ಅಲ್ಲಿಂದ ಗೇಟ್‌ವೇಗೆ (ಮನೆಯಲ್ಲಿ ಸಿಗ್ನಲ್ ಹಿಡಿಯುವ ಪೆಟ್ಟಿಗೆ) ಇಳಿಯುವ ಕೇಬಲ್‌ಗೆ 1.5 ಡಿಬಿ ಖರ್ಚು. ಇದು ಎಲ್‌ಎಂಆರ್-400 ತರಹದ ದಪ್ಪ ಕೇಬಲ್ 10 ಮೀಟರ್ ಹಾಕಿದರೆ ಬರುವ ಲೆಕ್ಕ. ಅಗ್ಗ ಅಂತ ತೆಳ್ಳಗಿನ ಆರ್‌ಜಿ-58 ಹಾಕಿದರೆ ಅದೇ 10 ಮೀಟರ್‌ಗೆ 5 ಡಿಬಿ ಹತ್ತಿರ ಹೋಗುತ್ತದೆ. ಅಂದರೆ ದುಡ್ಡು ಕೊಟ್ಟು ತಂದ ಆಂಟೆನಾದ ಗೇನ್ ಪೂರ್ತಿ ಕೇಬಲ್ ತಿಂದಂತಾಯಿತು. ಎಲ್ಲ ಸೇರಿ 14 + 0 + 5 − 1.5 = 17.5 ಡಿಬಿಎಂ.

ಈಗ ಖರ್ಚು. ಮೊದಲನೆಯದು ದೂರ. 1946ರಲ್ಲಿ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಫ್ರಿಸ್ ಕೊಟ್ಟ ಸೂತ್ರದಿಂದ ಇದು ಬರುತ್ತದೆ. ನಾವು ಬಳಸುವ ರೂಪ ಹೀಗಿದೆ:

ನಷ್ಟ (ಡಿಬಿ) = 32.44 + 20 ಲಾಗ್ (ದೂರ, ಕಿ.ಮೀ.ನಲ್ಲಿ) + 20 ಲಾಗ್ (ಫ್ರೀಕ್ವೆನ್ಸಿ, ಮೆಗಾಹರ್ಟ್ಸ್‌ನಲ್ಲಿ)

ಭಾರತದಲ್ಲಿ ಲೋರಾಗೆ ಲೈಸೆನ್ಸ್ ಬೇಡದ ಬ್ಯಾಂಡ್ 865ರಿಂದ 868 ಮೆಗಾಹರ್ಟ್ಸ್. ನಾವು 866 ಹಿಡಿಯೋಣ. 3 ಕಿ.ಮೀ.ಗೆ 32.44 + 9.54 + 58.75, ಅಂದರೆ ಸುಮಾರು 100.7 ಡಿಬಿ. 17.5ರಿಂದ ಅದನ್ನು ಕಳೆದರೆ −83 ಡಿಬಿಎಂ. ಬಹಳ ಚೆನ್ನಾಗಿರುವ ಸಿಗ್ನಲ್. 10 ಕಿ.ಮೀ.ಗೆ ಇದೇ ಲೆಕ್ಕ ಹಾಕಿದರೂ 10.5 ಡಿಬಿ ಮಾತ್ರ ಜಾಸ್ತಿ ಹೋಗುತ್ತದೆ, −94ರ ಹತ್ತಿರ ಬರುತ್ತದೆ. ಮಾರುವವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತು ಎರಡು ಬೆಟ್ಟದ ತುದಿಗಳ ನಡುವೆ ನಿಜ, ನಿಮ್ಮ ಕಣಿವೆಯಲ್ಲಿ ಅಲ್ಲ.

ಖಾಲಿ ಜಾಗದಲ್ಲಿ ದೂರ ಎಷ್ಟು ಅಗ್ಗ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ. 2008ರ ಚಂದ್ರಯಾನ-1ಕ್ಕೆಂದು ಕಟ್ಟಿದ್ದು. ಚಂದ್ರನ ದೂರ 3.84 ಲಕ್ಷ ಕಿ.ಮೀ. 2,200 ಮೆಗಾಹರ್ಟ್ಸ್‌ಗೆ ಇದೇ ಸೂತ್ರ ಹಾಕಿ ನೋಡಿ. ನಷ್ಟ 211 ಡಿಬಿ ಬರುತ್ತದೆ. ದೊಡ್ಡ ಡಿಶ್ ಇದ್ದರೆ ಇಷ್ಟನ್ನೂ ತುಂಬಿಕೊಳ್ಳಬಹುದು, ಯಾಕೆಂದರೆ ನಡುವೆ ಅಡ್ಡ ಏನೂ ಇಲ್ಲ. ನಿಮ್ಮ ತೋಟದ ದಾರಿ ಹಾಗಲ್ಲ.

ಗುಡ್ಡಕ್ಕೆ ಹೋಗುವ ಮೊದಲು ನೆಲದ ವಿಷಯ ಹೇಳಬೇಕು. ನಡುವೆ ಬರೀ ಗದ್ದೆಬಯಲು ಇದ್ದಿದ್ದರೂ −83 ಬರುತ್ತಿರಲಿಲ್ಲ. ಆಂಟೆನಾದಿಂದ ಹೊರಟ ಅಲೆ ನೇರವಾಗಿಯೂ ಹೋಗುತ್ತದೆ, ನೆಲಕ್ಕೆ ಬಡಿದೂ ಹೋಗುತ್ತದೆ. ನೆಲಕ್ಕೆ ಸವರಿದಂತೆ ಬಡಿದ ಅಲೆ ತಲೆಕೆಳಗಾಗಿ ಪುಟಿಯುತ್ತದೆ. ದೂರ ಹೋದಂತೆ ಎರಡು ದಾರಿಗಳ ಉದ್ದ ಹೆಚ್ಚು ಕಡಿಮೆ ಒಂದೇ ಆಗುತ್ತದೆ. ಆಗ ಒಂದು ಅಲೆ ಇನ್ನೊಂದನ್ನು ಅಳಿಸಿಹಾಕುತ್ತದೆ. ದೂರ ಎರಡು ಪಟ್ಟಾದರೆ ಖಾಲಿ ಜಾಗದಲ್ಲಿ 6 ಡಿಬಿ ಹೋಗುತ್ತದೆ, ಇಲ್ಲಿ 12 ಹೋಗುತ್ತದೆ. ಇದರ ಸೂತ್ರದಲ್ಲಿ ಫ್ರೀಕ್ವೆನ್ಸಿಯೇ ಇಲ್ಲ, ಎತ್ತರ ಇದೆ:

ನಷ್ಟ = 40 ಲಾಗ್ (ದೂರ, ಮೀಟರ್‌ನಲ್ಲಿ) − 20 ಲಾಗ್ (ಒಂದು ಆಂಟೆನಾದ ಎತ್ತರ × ಇನ್ನೊಂದರ ಎತ್ತರ, ಮೀಟರ್‌ನಲ್ಲಿ)

ಮನೆ ಆಂಟೆನಾ 8 ಮೀಟರ್, ಸೆನ್ಸರ್ 1.5 ಮೀಟರ್ ಎತ್ತರದಲ್ಲಿದ್ದರೆ ನಷ್ಟ 117.5 ಡಿಬಿ. ಸಿಗ್ನಲ್ ಸರಿಯಾಗಿ −100. ಬರೀ ನೆಲವೇ 17 ಡಿಬಿ ತಿಂದಿತು. ಸೆನ್ಸರ್‌ನ ಆಂಟೆನಾವನ್ನು 6 ಮೀಟರ್‌ಗೆ ಏರಿಸಿದರೆ ಅದರಲ್ಲಿ 12 ಡಿಬಿ ವಾಪಸ್. ಎತ್ತರ ಎರಡು ಪಟ್ಟಾದಾಗಲೆಲ್ಲ 6 ಡಿಬಿ ಸಿಗುತ್ತದೆ. ಇದೇ 6 ಡಿಬಿಯನ್ನು ಬೋರ್ಡಿನ ಬಲ ಹೆಚ್ಚಿಸಿ ಪಡೆಯಬೇಕೆಂದರೆ 25 ಮಿಲಿವ್ಯಾಟ್ ಬದಲು 100 ಮಿಲಿವ್ಯಾಟ್ ಕಳಿಸಬೇಕು. ಬ್ಯಾಟರಿ ಬೇಗ ಖಾಲಿ. ಬಿದಿರಿನ ಕಂಬ ಪುಕ್ಕಟೆ ಸಿಗುತ್ತೆ ಅಲ್ವಾ?

ಇನ್ನು ನಿಮ್ಮ ಗುಡ್ಡ. ಗೂಗಲ್ ಅರ್ತ್‌ನಲ್ಲಿ ಮನೆಯಿಂದ ತೋಟಕ್ಕೆ ಒಂದು ಗೆರೆ ಎಳೆದು ಎಲಿವೇಶನ್ ಪ್ರೊಫೈಲ್ (ಆ ಗೆರೆಯುದ್ದಕ್ಕೂ ನೆಲದ ಏರುತಗ್ಗಿನ ಚಿತ್ರ) ತೆಗೆಯಿರಿ. ಎರಡು ಆಂಟೆನಾಗಳ ತುದಿ ಸೇರಿಸುವ ನೇರ ಗೆರೆ ಗುಡ್ಡಕ್ಕೆ ತಾಗುತ್ತದೆಯೇ, ತಾಗಿದರೆ ಗುಡ್ಡ ಎಷ್ಟು ಮೀಟರ್ ಮೇಲೆ ಹೋಗಿದೆ ನೋಡಿ. ಒಂದು ಎಚ್ಚರಿಕೆ: ಸುಲಭವಾಗಿ ಸಿಗುವ ಎತ್ತರದ ದತ್ತಾಂಶದಲ್ಲಿ ಬಹುಪಾಲು 2000ದ ಫೆಬ್ರವರಿಯಲ್ಲಿ ಸ್ಪೇಸ್ ಶಟಲ್‌ನಿಂದ ರೇಡಾರ್ ಹಾಕಿ ಅಳೆದದ್ದು. ದಟ್ಟ ಕಾಡಿರುವ ಕಡೆ ಅದು ನೆಲವನ್ನು ಪೂರ್ತಿ ಕಾಣುವುದಿಲ್ಲ, ಮರದ ನೆತ್ತಿಯ ಹತ್ತಿರದ ಎತ್ತರ ಕೊಡುತ್ತದೆ. ಸೊಪ್ಪಿನ ಬೆಟ್ಟದ ಮೇಲೆ ಮರಗಳಿದ್ದರೆ ಐದಾರು ಮೀಟರ್ ಹೆಚ್ಚು ಕಡಿಮೆ ಆಗಬಹುದು. ನೀವೇ ಹತ್ತಿ ನೋಡಿದ್ದು ಅದಕ್ಕಿಂತ ಒಳ್ಳೆಯದು.

ಕಣ್ಣಿಗೆ ಕಾಣುವ ನೇರ ಗೆರೆ ಖಾಲಿ ಇದ್ದರೂ ಸಾಲದು ಅನ್ನುವುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ರೇಡಿಯೋ ಅಲೆ ದಾರದಂತೆ ತೆಳ್ಳಗೆ ಹೋಗುವುದಿಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತದೆ. ಈ ಉಬ್ಬಿಗೆ ಫ್ರೆನೆಲ್ ವಲಯ ಅಂತ ಹೆಸರು. ನಿಮ್ಮ 3 ಕಿ.ಮೀ. ದಾರಿಯಲ್ಲಿ ನಟ್ಟನಡುವೆ ಅದರ ಅರ್ಧ ಅಗಲ 16 ಮೀಟರ್. ಅದರಲ್ಲಿ ಶೇ. 60, ಅಂದರೆ 10 ಮೀಟರ್‌ನಷ್ಟಾದರೂ ಗೆರೆಯ ಕೆಳಗೆ ಖಾಲಿ ಇರಬೇಕು. ಗೆರೆ ಗುಡ್ಡದ ನೆತ್ತಿಗೆ ಬರೀ ಸವರಿಕೊಂಡು ಹೋದರೂ 6 ಡಿಬಿ ಹೋಯಿತು.

ಗುಡ್ಡ ಗೆರೆಗಿಂತ 10 ಮೀಟರ್ ಮೇಲಿದೆ ಅಂದುಕೊಳ್ಳಿ. ಅದನ್ನು ಚೂಪು ಅಂಚು ಅಂತ ಹಿಡಿದು ಲೆಕ್ಕ ಹಾಕಿದರೆ, ದಾರಿಯ ಮಧ್ಯದಲ್ಲಿದ್ದರೆ 13 ಡಿಬಿ ನಷ್ಟ. ಅದೇ ಗುಡ್ಡ ತೋಟದಿಂದ 300 ಮೀಟರ್‌ನಲ್ಲಿದ್ದರೆ 16.6 ಡಿಬಿ. ಹತ್ತಿರವಿದ್ದಷ್ಟೂ ನೆರಳು ದಟ್ಟ. ಮಧ್ಯದಲ್ಲೇ ಇದ್ದು 20 ಮೀಟರ್ ಮೇಲಿದ್ದರೆ 18 ಡಿಬಿ. ನಿಜವಾದ ಗುಡ್ಡ ಚೂಪಾಗಿರುವುದಿಲ್ಲ, ಮೊಂಡಾಗಿ ದುಂಡಗಿರುತ್ತದೆ, ಮೇಲೆ ಮರ ಬೇರೆ. ಹಾಗಾಗಿ ಇವೆಲ್ಲ ಕನಿಷ್ಠ ನಷ್ಟ ಅಂತ ತಿಳಿಯಿರಿ. ಇನ್ನೊಂದು ಮಾತು: ಬಯಲಿನ ಸೂತ್ರದ 17 ಡಿಬಿಯನ್ನೂ ಗುಡ್ಡದ 13 ಡಿಬಿಯನ್ನೂ ಒಟ್ಟಿಗೆ ಕೂಡಬೇಡಿ. ಅದು ಸಮತಟ್ಟು ನೆಲದ ಸೂತ್ರ. ಗುಡ್ಡ ಇದ್ದರೆ ಖಾಲಿ ಜಾಗದ ನಷ್ಟಕ್ಕೆ ಗುಡ್ಡದ ನಷ್ಟ ಮಾತ್ರ ಕೂಡಿ. ಸಿಗ್ನಲ್ ಈಗ −83ರಿಂದ −96ಕ್ಕೆ ಇಳಿಯಿತು.

ಉಳಿದದ್ದು ಮರ. ಇಲ್ಲೇ ಹೆಚ್ಚಿನವರ ಲೆಕ್ಕ ತಪ್ಪುವುದು. ಗಿಡಮರದ ನಷ್ಟಕ್ಕೆ ವೈಸ್‌ಬರ್ಗರ್ ಸೂತ್ರ ಅಂತ ಒಂದಿದೆ. ಎಲೆ ತುಂಬಿದ ಮರಗಳ ಮೂಲಕ ಅಲೆ 100 ಮೀಟರ್ ಹೋದರೆ 866 ಮೆಗಾಹರ್ಟ್ಸ್‌ನಲ್ಲಿ 19 ಡಿಬಿ ನಷ್ಟ ಅನ್ನುತ್ತದೆ ಅದು. 300 ಮೀಟರ್‌ಗೆ 36.5 ಡಿಬಿ. ಮನೆಯ ವೈ-ಫೈ ಬಳಸುವ 2.4 ಗಿಗಾಹರ್ಟ್ಸ್‌ಗೆ 100 ಮೀಟರ್‌ಗೇ 25 ಡಿಬಿ ದಾಟುತ್ತದೆ. ಸುಮ್ನೆ ಹೋಲಿಸಿ ನೋಡಿ. 3 ಕಿ.ಮೀ. ಬದಲು 27 ಕಿ.ಮೀ. ದೂರ ಹೋದರೆ ಎಷ್ಟು ನಷ್ಟವೋ, 100 ಮೀಟರ್ ತೋಪಿನೊಳಗೆ ಹೋದರೆ ಅಷ್ಟೇ ನಷ್ಟ!

ಈ ಸೂತ್ರ ಸಮಶೀತೋಷ್ಣ ದೇಶಗಳ ದಟ್ಟವಾದ, ಒದ್ದೆಯಾಗಿರದ ಎಲೆ ತುಂಬಿದ ಮರಗಳಿಗೆ ಮಾಡಿದ್ದು. ಅಡಿಕೆ ತೋಟದ ರೂಪವೇ ಬೇರೆ. ಸೋಗೆ ಮೇಲಿರುತ್ತದೆ, ಕೆಳಗೆ ಬರೀ ಕಾಂಡ. ಕಾಂಡಗಳ ನಡುವೆ ಅಲೆಗೆ ಜಾಗ ಇದೆ. ಹಾಗಂತ ಸೆನ್ಸರ್ ಕೆಳಗಿದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ. ಕಾಳುಮೆಣಸಿನ ಬಳ್ಳಿ ಹಬ್ಬಿದ ತೋಟದಲ್ಲಿ ಕಾಂಡವೂ ಎಲೆಯ ಕಂಬವೇ. ಬಾಳೆ, ಏಲಕ್ಕಿ ಇದ್ದರೆ ಕೆಳಗಿನ ಖಾಲಿಯೂ ಇಲ್ಲ. ಜೊತೆಗೆ ಗುಡ್ಡದ ಮೇಲಿಂದ ಇಳಿದು ಬರುವ ಅಲೆ ಸೋಗೆ ದಾಟಿಯೇ ಬರಬೇಕು. ಹಾಗಾಗಿ ನಾನಾದರೆ 19 ಡಿಬಿಯನ್ನೇ ಇಟ್ಟುಕೊಳ್ಳುತ್ತೇನೆ. ಸಿಗ್ನಲ್ −115 ಡಿಬಿಎಂ ಆಯಿತು.

ಇದು ಸಾಕೋ ಸಾಲದೋ ತಿಳಿಯಲು ರಿಸೀವರ್ ಎಷ್ಟು ಸಣ್ಣ ಸಿಗ್ನಲ್ ಹಿಡಿಯುತ್ತದೆ ನೋಡಬೇಕು. ಸಾಮಾನ್ಯ ತಾಪಮಾನದಲ್ಲಿ ಪ್ರತಿ ಹರ್ಟ್ಸ್‌ಗೆ −174 ಡಿಬಿಎಂ ಗದ್ದಲ (ನಾಯ್ಸ್) ಇದ್ದೇ ಇರುತ್ತದೆ. ಲೋರಾ ಸಿಗ್ನಲ್‌ನ 125 ಕಿಲೋಹರ್ಟ್ಸ್ ಅಗಲಕ್ಕೆ 51 ಕೂಡಿ, ರಿಸೀವರ್‌ನ ಸ್ವಂತ ಗದ್ದಲಕ್ಕೆ 6 ಕೂಡಿ. −117 ಆಯಿತು. ಹೆಚ್ಚಿನ ರೇಡಿಯೋಗಳು ಗದ್ದಲಕ್ಕಿಂತ ಜೋರಾದ ಸಿಗ್ನಲ್ ಮಾತ್ರ ಕೇಳುತ್ತವೆ. ಲೋರಾದ ವಿಶೇಷ ಏನೆಂದರೆ ಗದ್ದಲದ ಕೆಳಗಿರುವುದನ್ನೂ ಅದು ಹೆಕ್ಕಿ ತೆಗೆಯುತ್ತದೆ. ಎಷ್ಟು ಕೆಳಗೆ ಅನ್ನುವುದು ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್, ಸಂದೇಶವನ್ನು ಎಷ್ಟು ನಿಧಾನವಾಗಿ ಕಳಿಸಬೇಕು ಅನ್ನುವ ಸೆಟ್ಟಿಂಗ್) ಮೇಲೆ ನಿಂತಿದೆ: ಎಸ್‌ಎಫ್ 7ರಲ್ಲಿ 7.5 ಡಿಬಿ ಕೆಳಗೆ, ಎಸ್‌ಎಫ್ 12ರಲ್ಲಿ 20 ಡಿಬಿ ಕೆಳಗೆ. ಲೋರಾ ಬೋರ್ಡುಗಳಲ್ಲಿ ಬರುವ ಎಸ್‌ಎಕ್ಸ್1276 ಚಿಪ್ಪಿನ ಮಿತಿಗಳು ಎಸ್‌ಎಫ್ 7ಕ್ಕೆ ಸುಮಾರು −123, ಎಸ್‌ಎಫ್ 10ಕ್ಕೆ −132, ಎಸ್‌ಎಫ್ 12ಕ್ಕೆ −136. ಎಸ್‌ಎಫ್ ಏರಿಸಿದಂತೆ ಒಂದೊಂದು ಸಂದೇಶಕ್ಕೆ ಹಿಡಿಯುವ ಸಮಯವೂ ಏರುತ್ತದೆ. 7ರಿಂದ 12ಕ್ಕೆ ಹೋದರೆ ಇಪ್ಪತ್ತು ಪಟ್ಟಿಗೂ ಜಾಸ್ತಿ. ಬ್ಯಾಟರಿ ಲೆಕ್ಕದಲ್ಲಿ ಇದು ದುಬಾರಿ.

−115 ಅನ್ನುವುದು −123ಕ್ಕಿಂತ 8 ಡಿಬಿ ಮೇಲಿದೆ. ಹಾಗಾದರೆ ಎಸ್‌ಎಫ್ 7 ಸಾಕಲ್ಲ ಅನ್ನಿಸಬಹುದು. ಸಾಲದು. ನಾವು ಲೆಕ್ಕ ಹಾಕಿದ್ದು ಸರಾಸರಿ. ಜಾಗದಿಂದ ಜಾಗಕ್ಕೆ ಸಿಗ್ನಲ್ 6ರಿಂದ 8 ಡಿಬಿ ಏರಿಳಿಯುವುದು ಮಾಮೂಲು. ಅದರ ಮೇಲೆ ಗಾಳಿಗೆ ಸೋಗೆ ಅಲ್ಲಾಡಿದಾಗ, ಪಕ್ಕದಲ್ಲಿ ಯಾರೋ ನಿಂತಾಗ ಇನ್ನಷ್ಟು. ಕನಿಷ್ಠ 15 ಡಿಬಿ ಕೈಯಲ್ಲಿ ಉಳಿಸಿಕೊಳ್ಳದೆ ಯಾವ ಲಿಂಕನ್ನೂ ನಂಬಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಗ −130ರ ತನಕ ಇಳಿಯಬಹುದು ಅಂತ ಲೆಕ್ಕ. ಎಸ್‌ಎಫ್ 10 ಅಂಚಿನಲ್ಲಿ ನಿಲ್ಲುತ್ತದೆ. ಎಸ್‌ಎಫ್ 12 ನಡೆಯುತ್ತದೆ, ಆದರೆ ಬ್ಯಾಟರಿ ತಿನ್ನುತ್ತದೆ.

ಈಗ ಹಾಳೆ ಮುಂದಿಟ್ಟುಕೊಂಡು ಯಾವ ಖರ್ಚನ್ನು ಕಡಿಮೆ ಮಾಡಬಹುದು ನೋಡಿ. ಮನೆಯ ಆಂಟೆನಾವನ್ನು ಇನ್ನೂ 6 ಮೀಟರ್ ಏರಿಸಿದರೆ? ಬಯಲಾಗಿದ್ದರೆ ಚೆನ್ನಾಗಿ ಸಿಗುತ್ತಿತ್ತು. ಆದರೆ ಗುಡ್ಡ ಮಧ್ಯದಲ್ಲಿರುವುದರಿಂದ ಗೆರೆ ಅಲ್ಲಿ 3 ಮೀಟರ್ ಮಾತ್ರ ಏರುತ್ತದೆ. ನಷ್ಟ 13ರಿಂದ 11ಕ್ಕೆ ಇಳಿಯುತ್ತದೆ. ಎರಡೇ ಡಿಬಿಗೆ ಅಷ್ಟು ದೊಡ್ಡ ಕಂಬ ಬೇಡ. ಅದರ ಬದಲು ಸೆನ್ಸರ್‌ನ ರೇಡಿಯೋ ಡಬ್ಬಿಯನ್ನು ತೋಟದ ನಡುವಿನಿಂದ ಅಂಚಿಗೆ ತನ್ನಿ, ಮನೆಯ ದಿಕ್ಕಿಗೆ ತೆರೆದಿರುವ ಅಂಚಿಗೆ. ಮಣ್ಣಿನ ಸೆನ್ಸರ್‌ನಿಂದ ಅಲ್ಲಿಯವರೆಗೆ ಸಾದಾ ವೈರು ಎಳೆಯಿರಿ. ದೂರ ಜಾಸ್ತಿ ಇದ್ದರೆ ಆರ್‌ಎಸ್-485 (ಉದ್ದ ವೈರಿನಲ್ಲೂ ಅಂಕಿ ಕೆಡದೆ ಸಾಗಿಸುವ ಪದ್ಧತಿ) ಕೊಡುವ ಸೆನ್ಸರ್ ತೆಗೆದುಕೊಳ್ಳಿ. 19 ಡಿಬಿ ಉಳಿಯಿತು! ಸಿಗ್ನಲ್ −96. 15 ಡಿಬಿ ಬದಿಗಿಟ್ಟರೂ −111. ಎಸ್‌ಎಫ್ 7ರಲ್ಲೇ ಆರಾಮಾಗಿ ನಡೆಯುತ್ತದೆ.

ಗುಡ್ಡ ನಾನು ಅಂದುಕೊಂಡದ್ದಕ್ಕಿಂತ ಎತ್ತರ ಇದ್ದು ಒಂದರ ಹಿಂದೆ ಇನ್ನೊಂದು ಇದ್ದರೆ, ಅದರ ನೆತ್ತಿ ಮೇಲೆ ಸಣ್ಣ ಸೋಲಾರ್ ಪ್ಯಾನೆಲ್ ಜೊತೆ ಒಂದು ರಿಲೇ ಬೋರ್ಡು ಇಡಿ. ನೆತ್ತಿಯಿಂದ ಎರಡೂ ಕಡೆ ಕಾಣಬೇಕು, ಅಷ್ಟೇ. 1.5 ಕಿ.ಮೀ.ನ ನಷ್ಟ 94.7 ಡಿಬಿ, ಮನೆ ಕಡೆಗೆ ಸಿಗ್ನಲ್ −77ರ ಹತ್ತಿರ. ಜಾಗ ನಿಮ್ಮದೋ, ಅರಣ್ಯ ಇಲಾಖೆಯದೋ ಅಂತ ಮೊದಲೇ ವಿಚಾರಿಸಿ.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗ್ನಲ್ ನಷ್ಟದ ಲೆಕ್ಕಕ್ಕೆ ಹಾಟಾ ಮಾಡೆಲ್ ಅಂತ ಇನ್ನೊಂದು ಸೂತ್ರ ಸಿಗುತ್ತದೆ. ಒಕುಮುರಾ ಟೋಕಿಯೋ ಸುತ್ತ ಮಾಡಿದ ಅಳತೆಗಳಿಂದ ಹಾಟಾ 1980ರಲ್ಲಿ ರೂಪಿಸಿದ್ದು. ಮೊಬೈಲ್ ಟವರ್‌ಗೆ ಒಳ್ಳೆಯದು. ಆದರೆ ಅದರಲ್ಲಿ ಒಂದು ತುದಿಯ ಆಂಟೆನಾ 30 ಮೀಟರ್‌ಗಿಂತ ಮೇಲಿರಬೇಕು. 8 ಮೀಟರ್ ತಾರಸಿಗೆ ಅದನ್ನು ಹಾಕಿದರೆ ಬರುವ ಅಂಕಿಗೆ ಅರ್ಥ ಇಲ್ಲ.

ಕೊಳ್ಳುವಾಗ ಮೊದಲು ಎರಡೇ ಬೋರ್ಡು ತೆಗೆದುಕೊಳ್ಳಿ. ಆಂಟೆನಾ, ಬೋರ್ಡು ಎರಡೂ 865–868ಕ್ಕೇ ಮಾಡಿದ್ದಾಗಿರಲಿ. ಅಮೆರಿಕದ 915 ಮೆಗಾಹರ್ಟ್ಸ್ ಬೋರ್ಡುಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ನಮ್ಮಲ್ಲಿ ಅದು ಮೊಬೈಲ್ ಕಂಪನಿಗಳ ಬ್ಯಾಂಡಿಗೆ ತಾಗುತ್ತದೆ, ಬೇಡ. ಒಂದನ್ನು ತಾರಸಿಯಲ್ಲಿಟ್ಟು ಇನ್ನೊಂದನ್ನು ತೋಟಕ್ಕೆ ಒಯ್ದು ಅಳೆಯಿರಿ. ಒಂದೇ ಜಾಗದಲ್ಲಿ ನಿಂತು ನೋಡಿದರೆ ಮೋಸ ಹೋಗುತ್ತೀರಿ. ಅಲೆಯ ಉದ್ದ 35 ಸೆಂ.ಮೀ. ಅರ್ಧ ಅಲೆಯಷ್ಟು, ಒಂದು ಗೇಣಿಗೂ ಕಡಿಮೆ, ಸರಿಸಿದರೆ 10 ಡಿಬಿ ಬದಲಾಗಬಹುದು. ಪ್ರತಿ ಜಾಗದ ಸುತ್ತ ನಾಲ್ಕಾರು ಕಡೆ ಇಟ್ಟು, ಹತ್ತಾರು ಸಂದೇಶ ಕಳಿಸಿ, ಎಲ್ಲಕ್ಕಿಂತ ಕೆಳಗಿನ ಅಂಕಿಗಳನ್ನು ಗಮನಿಸಿ. ಬೋರ್ಡು ತೋರಿಸುವ ಆರ್‌ಎಸ್‌ಎಸ್‌ಐ (ಬಂದ ಒಟ್ಟು ಬಲ) ಜೊತೆಗೆ ಎಸ್‌ಎನ್‌ಆರ್ (ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಡಿಬಿ ಮೇಲಿದೆ ಅಥವಾ ಕೆಳಗಿದೆ) ಕೂಡ ಬರೆದುಕೊಳ್ಳಿ. ಸಿಗ್ನಲ್ ಗದ್ದಲಕ್ಕಿಂತ ಕೆಳಗೆ ಹೋದ ಮೇಲೆ ಆರ್‌ಎಸ್‌ಎಸ್‌ಐ ಗದ್ದಲವನ್ನೇ ತೋರಿಸುತ್ತಾ ನಿಂತುಬಿಡುತ್ತದೆ. ಎಸ್‌ಎನ್‌ಆರ್ ಮೈನಸ್‌ನಲ್ಲಿದ್ದರೆ ಅದನ್ನು ಆರ್‌ಎಸ್‌ಎಸ್‌ಐಗೆ ಕೂಡಿಸಿ, ಆಗ ಸಿಗ್ನಲ್‌ನ ಬಲದ ಅಂದಾಜು ಸಿಗುತ್ತದೆ. ಆರ್‌ಎಸ್‌ಎಸ್‌ಐ ಚೆನ್ನಾಗಿದ್ದೂ ಎಸ್‌ಎನ್‌ಆರ್ ಕೆಟ್ಟದಾಗಿದ್ದರೆ ಮನೆಯ ಇನ್ವರ್ಟರ್, ಅಗ್ಗದ ಎಲ್‌ಇಡಿ ಬಲ್ಬು ಆರಿಸಿ ನೋಡಿ. ಗದ್ದಲ ಅಲ್ಲಿಂದಲೇ ಬರುತ್ತಿರಬಹುದು.

ಕೊನೆಗೆ ಮಳೆ. ಡಿಟಿಎಚ್ ಮಳೆಗೆ ಹೋಗುವುದನ್ನು ನೋಡಿ ಈ ಭಯ ಬಂದಿರಬೇಕು. ಅದು 11–12 ಗಿಗಾಹರ್ಟ್ಸ್‌ನ ಕಥೆ. ಅಲ್ಲಿ ಅಲೆಯ ಉದ್ದ ಎರಡೂವರೆ ಸೆಂ.ಮೀ., ಮಳೆ ಹನಿ ಅದಕ್ಕೆ ಅಡ್ಡ ಬರುತ್ತದೆ. 866 ಮೆಗಾಹರ್ಟ್ಸ್‌ಗೆ 3 ಕಿ.ಮೀ.ನಲ್ಲಿ ಎಷ್ಟೇ ಜೋರು ಮಳೆ ಬಂದರೂ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಮಳೆಗಾಲದ ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಒದ್ದೆ ಎಲೆ ಒಣ ಎಲೆಗಿಂತ ಜಾಸ್ತಿ ತಿನ್ನುತ್ತದೆ, ಹೊಸ ಚಿಗುರು ಬಂದು ದಟ್ಟವಾಗುತ್ತದೆ. ರೇಡಿಯೋವನ್ನು ಅಂಚಿಗೆ ತಂದರೆ ಇದರಿಂದ ಹೆಚ್ಚಾಗಿ ಪಾರಾಗುತ್ತೀರಿ. ಅದಕ್ಕಿಂತ ಕೆಟ್ಟದ್ದು ಕನೆಕ್ಟರ್‌ಗೆ ನೀರು ಇಳಿಯುವುದು. ಜೂನ್‌ನಲ್ಲಿ ಇಳಿದ ನೀರು ಕೇಬಲ್‌ನ ಹೆಣೆದ ತಾಮ್ರದೊಳಗೆ ಹರಿದು ಆಗಸ್ಟ್ ಹೊತ್ತಿಗೆ ಅದನ್ನು ಕಪ್ಪಾಗಿಸುತ್ತದೆ. ಸಿಗ್ನಲ್ ದಿನದಿನಕ್ಕೆ ಸ್ವಲ್ಪಸ್ವಲ್ಪ ಇಳಿಯುವುದರಿಂದ ಯಾರಿಗೂ ಗೊತ್ತೇ ಆಗುವುದಿಲ್ಲ. ಕನೆಕ್ಟರ್ ಮೇಲೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಎಳೆದು ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಪಿವಿಸಿ ಟೇಪ್ ಸುತ್ತಿ. ಕೇಬಲ್ ಮನೆಯೊಳಗೆ ಹೋಗುವ ಮೊದಲು ಕೆಳಗೆ ಬಾಗಿ ಮೇಲೇರುವ ಹಾಗೆ ಒಂದು ಬಳಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಮೇ ತಿಂಗಳಲ್ಲಿ ಅಳೆದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಜುಲೈಯಲ್ಲಿ ಅದಕ್ಕಿಂತ 10 ಡಿಬಿ ಇಳಿದಿದ್ದರೆ ಮೊದಲು ಬಿಚ್ಚಿ ನೋಡಬೇಕಾದದ್ದು ತಾರಸಿಯ ಕನೆಕ್ಟರನ್ನು.